ಕೆಮ್ಮುವವರು ಮನೆಯಲ್ಲೇ ಇರಲಿ

ಯುದ್ಧ ಶುರುವಾದ ಮೇಲಿನ ಎರಡನೆಯ ಬೇಸಿಗೆ. ನಮ್ಮ ಕಾರ್ಬೆಕ್ ಊರಿನ ಚಾಪೆಲ್ಲಿನ, ಎಂದರೆ ಪುಟ್ಟ ಚರ್ಚಿನ, ಭಾನುವಾರ ಸಂಜೆಯ ಆರಾಧನೆಯನ್ನು ರೇಡಿಯೋದವರು ದೇಶಕ್ಕೆಲ್ಲ ಕೇಳಿಸುತ್ತಾರೆ ಎಂಬ ಸುದ್ದಿ ಬಂದಾಗ ಊರಿಗೆ ಊರೇ ಉಬ್ಬಿಹೋಯಿತು. ಉಬ್ಬಿದ ಮೇಲೆ ಗೊತ್ತಾದದ್ದು, ಊರಿನ ಹೆಸರನ್ನು ಮಾತ್ರ ಹೇಳುವುದಿಲ್ಲ ಎಂದು. ಹೆಸರು ಹೇಳಿದರೆ ಜರ್ಮನರು ಕೇಳಿಸಿಕೊಂಡು ನೇರ ಬಂದು ಬಾಂಬು ಹಾಕಿಬಿಡುತ್ತಾರಂತೆ. ಹಾಗಾಗಿ ‘ಉತ್ತರದ ಒಂದು ಚಾಪೆಲ್ಲಿನಿಂದ’ ಎಂದಷ್ಟೇ ಹೇಳುವುದು. ಎರಡು ಉಣ್ಣೆ ಗಿರಣಿ, ಒಂದು ಕಲ್ಲುಗಣಿ, ಗುಡ್ಡದ ತುಂಬ ಕುರಿ, ಇಷ್ಟಕ್ಕಾಗಿ ಜರ್ಮನರು ಸಮುದ್ರ ದಾಟಿ ಬರುತ್ತಾರೆಂಬ ಮಾತಿನಿಂದ ನಮ್ಮವರಿಗೆ ಬೇಸರವೇನೂ ಆಗಲಿಲ್ಲ. ಇನ್ನೂ ಸ್ವಲ್ಪ ಉಬ್ಬಿದರು.

ಇದರ ಹೊರೆಯೆಲ್ಲ ಜೇಬೆಜ್ ಸಗ್ಡನ್ ಅವರ ಹೆಗಲಿಗೆ ಬಿತ್ತು. ಬಿತ್ತು ಎನ್ನುವುದಕ್ಕಿಂತ, ಅವರೇ ಹೆಗಲು ಕೊಟ್ಟು ನಿಂತಿದ್ದರು ಎನ್ನಬೇಕು. ವಾರದ ದಿನಗಳಲ್ಲಿ ಗಿರಣಿಯಲ್ಲಿ ಮಗ್ಗಗಳ ಮೇಸ್ತ್ರಿ. ಭಾನುವಾರ ಚಾಪೆಲ್ಲಿನಲ್ಲಿ ಗಾಯಕರ ತಂಡಕ್ಕೆ ಮೇಸ್ತ್ರಿ. ನಾನು ಎರಡು ಕಡೆಯೂ ಅವರ ಕೈಕೆಳಗೇ ಇದ್ದವಳು. ಮಗ್ಗದಲ್ಲಿ ದಾರ ತುಂಡಾದರೂ, ಕೀರ್ತನೆಯಲ್ಲಿ ಶ್ರುತಿ ತಪ್ಪಿದರೂ ಅವರು ನೋಡುತ್ತಿದ್ದ ನೋಟ ಒಂದೇ. ಕೆಟ್ಟವರಲ್ಲ. ಚಿಕ್ಕಂದಿನಲ್ಲೇ, ಹೆಂಡ ಮುಟ್ಟುವುದಿಲ್ಲ, ಪಡಖಾನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಪಾದ್ರಿಗಳ ಮುಂದೆ ಆಣೆ ಇಟ್ಟಿದ್ದರು. ಕೂದಲು ನೆರೆತರೂ ಆ ಆಣೆ ನೆರೆತಿರಲಿಲ್ಲ.

ಗುರುವಾರ ಸಂಜೆ ತಾಲೀಮು ಇತ್ತು. ರೇಡಿಯೋದ ಎಂಜಿನಿಯರ್ ಪೆಲ್ಲಿ ಎಂಬ ತೆಳ್ಳಗಿನ ಲಂಡನ್ನಿನವನು ಬಂದು ಬೆಂಚುಗಳ ಮೇಲ್ಗಡೆ ಮೈಕು ಇಳಿಬಿಟ್ಟಿದ್ದ. ಅದನ್ನು ನೋಡುವುದಕ್ಕೆಂದೇ ಜನ ಬಂದು ಚಾಪೆಲ್ ಕಿಕ್ಕಿರಿದಿತ್ತು. ಜೇಬೆಜ್ ಎದ್ದು ನಿಂತು ಕೋಲಿನಿಂದ ಮೈಕನ್ನು ತೋರಿಸಿದರು.

“ಅಲ್ಲಿ ತೂಗಾಡ್ತಿದೆಯಲ್ಲ, ಅದನ್ನ ಚೆನ್ನಾಗಿ ನೋಡ್ಕೊಳ್ಳಿ. ದೇವರಾದ್ರೂ ಒಂದೊಂದ್ಸಲ ಕೇಳಿಸ್ಲಿಲ್ಲ ಅನ್ನೋ ಹಾಗೆ ಸುಮ್ನಿರ್ತಾನೆ. ಅದು ಹಾಗಲ್ಲ. ಇಲ್ಲಿ ಒಬ್ಬರು ಕೆಮ್ಮಿದ್ರೆ ಕೆನಡಾದವರೆಗೂ ಹೋಗುತ್ತೆ. ಕೆಮ್ಮುವವರು ಮನೆಯಲ್ಲೇ ಇರಲಿ. ಮೂಗು ಸೋರೋರೂ ಅಷ್ಟೇ. ಅಳೋ ಮಕ್ಕಳನ್ನ ತರಬೇಡಿ. ಪೆಪ್ಪರ್‌ಮೆಂಟಿನ ಕಾಗದ ಬಿಚ್ಚೋ ಅಭ್ಯಾಸ ಇರೋರಿಗೆ ನಾನು ಹೆಸರು ಹಿಡಿದು ಹೇಳಬೇಕಾಗಿಲ್ಲ.”

ಪೆಲ್ಲಿ ಗಾಬರಿಯಿಂದ ಕೈ ಎತ್ತಿದ. “ಅಷ್ಟೆಲ್ಲ ಏನೂ ಬೇಡ ಸಾರ್. ನಾಲ್ಕು ಜನ ಕೆಮ್ಮಿದ್ರೇ ಒಳ್ಳೇದು. ಜನ ಇದ್ದಾರೆ ಅನ್ಸುತ್ತೆ.”

“ನಿಮ್ಮ ಲಂಡನ್ನಿನಲ್ಲಿ ಕೆಮ್ಮಬಹುದು ಸ್ವಾಮಿ. ಇಲ್ಲಿ ನಾವು ಕೆಮ್ಮಲ್ಲ.”

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಮೊದಲ ಕೀರ್ತನೆ ಮುಗಿಯುವ ಮೊದಲೇ ಅವರು ಕೋಲು ತಟ್ಟಿ ನಿಲ್ಲಿಸಿದರು. ಎರಡನೆಯ ಸಾಲಿನಲ್ಲಿದ್ದ ಹೆಂಡತಿ ತಿರ್ಜಾರನ್ನು ಎಲ್ಲರ ಮುಂದೆ ಕೇಳಿದರು: “ತಿರ್ಜಾ, ನೀನು ಹಾಡ್ತಿದೀಯೋ, ಯಾರನ್ನಾದ್ರೂ ಕೂಗಿ ಕರೀತಿದೀಯೋ?”

“ಹಾಡ್ತಿದೀನಿ,” ಎಂದರು ತಿರ್ಜಾ.

“ಭಾನುವಾರ ನೀನು ಮನೇಲಿ ಕೂತು ರೇಡಿಯೋ ಕೇಳು. ಒಂದೊಂದು ಕೀರ್ತನೆ ಹೇಗೆ ಬಂತು ಅಂತ ನನಗೆ ಹೇಳೋಕೆ ಒಬ್ಬರು ಬೇಕೇ ಬೇಕು. ಅದೂ ದೇವರ ಕೆಲಸವೇ.”

ತಿರ್ಜಾ ಹಾಳೆ ಮಡಚಿಟ್ಟು ಕೂತರು. ಹೆಂಡತಿಯನ್ನೇ ಬಿಡದ ಮೇಸ್ತ್ರಿ ತಮ್ಮನ್ನು ಬಿಟ್ಟಾರೆಯೇ ಎಂದು ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗಲೇ ಹಿಂದಿನ ಬೆಂಚಿನಲ್ಲಿ ಯಾರಿಗೋ ಗಂಟಲು ಕೆರೆಯಲು ಶುರುವಾಯಿತು.

ಭಾನುವಾರ ಬೆಳಿಗ್ಗೆ ಜೇಬೆಜ್ ಚಾಪೆಲ್ಲಿಗೆ ಹೋದವರು ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ನಮ್ಮ ಬೀದಿಯಲ್ಲಿ ಎರಡು ಮನೆಗೆ ಒಂದೇ ಗೋಡೆ. ಪಕ್ಕದ ಅವರ ಮನೆಯದು ಏನಿದ್ದರೂ ನಮ್ಮ ಮನೆಗೆ ಕೇಳಿಸುತ್ತದೆ. ಭಾನುವಾರ ಆ ಮನೆಯ ರೇಡಿಯೋಗೆ ಮೇಜಿನ ಬಟ್ಟೆ ಹೊದಿಸಿ ಇಡುವುದು ಪದ್ಧತಿ. ವಾರ್ತೆಗೆ, ಪಾದ್ರಿಗಳ ಪ್ರಸಂಗಕ್ಕೆ ಮಾತ್ರ ಅದರ ಮುಸುಕು ತೆಗೆಯುವುದು. ಆ ದಿನ ಗೋಡೆಯಾಚೆಯಿಂದ ಬೆಳಿಗ್ಗೆಯೇ ಗಣಿಗಾರರ ಬ್ಯಾಂಡು ಕೇಳಿಸಿತು. ಅದು ಮುಗಿದ ಮೇಲೆ ಸಿನಿಮಾ ಮಂದಿರದ ಆರ್ಗನ್ನು. ಆಮೇಲೆ ಸೈನಿಕರಿಗೆಂದು ಹಾಕುವ ಕುಣಿತದ ಹಾಡು. ನಾನು ತಡೆಯಲಾರದೆ ಹಿತ್ತಲ ಬಾಗಿಲಿನಿಂದ ಹೋದೆ. ತಿರ್ಜಾ ಏಪ್ರನ್ನಿನಲ್ಲೇ ಒಲೆಯ ಮುಂದೆ ಹೆಜ್ಜೆ ಹಾಕುತ್ತಿದ್ದರು. ಮೇಜಿನ ಬಟ್ಟೆ ಅವರ ಹೆಗಲ ಮೇಲಿತ್ತು.

“ಚಿಕ್ಕಮ್ಮ! ಇವತ್ತು ಭಾನುವಾರ!”

“ಗೊತ್ತು ಕಣೇ ಹೆಟ್ಟಿ. ನನಗೆ ರೇಡಿಯೋ ಕೇಳು ಅಂತ ಹೇಳಿ ಹೋಗಿದ್ದಾನೆ. ಎಲ್ಲಿಂದ ಎಲ್ಲಿವರೆಗೆ ಅಂತ ಹೇಳಿಲ್ಲ.”

“ಮೇಸ್ತ್ರಿಗಳಿಗೆ ಗೊತ್ತಾದ್ರೆ?”

“ಅದೂ ದೇವರ ಕೆಲಸ ಅಂದ್ನಲ್ಲ. ಬೆಳಿಗ್ಗೆಯಿಂದ ಮಾಡ್ತಾನೇ ಇದೀನಿ, ಕಾಲು ನೋಯ್ತಾ ಇದೆ. ಬಾ, ಆ ಕಡೆ ಕೈ ಹಿಡಕೋ.”

ಇಬ್ಬರೂ ಕುಣಿದೆವು. ಮಾಂಸದ ರೇಷನ್ ಚೀಟಿಗೆ ಆ ವಾರ ಸಿಕ್ಕಿದ್ದ ತುಣುಕು ಒಲೆಯಲ್ಲಿ ಇನ್ನಷ್ಟು ಚಿಕ್ಕದಾಗುತ್ತಿತ್ತು. ಊಟವಾದ ಮೇಲೆ ಆಲೂಗಡ್ಡೆ ಬೆಳೆಯುವುದು ಹೇಗೆಂದು ಒಬ್ಬರು ಹೇಳಿದರು, ಅದನ್ನೂ ಕೇಳಿದೆವು. ಆಮೇಲೊಬ್ಬ ಹಾಸ್ಯಗಾರ ತನ್ನ ಅತ್ತೆಯ ವಿಷಯ ತೆಗೆದ. ತಿರ್ಜಾ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಾನು ಬಟ್ಟೆ ಬದಲಿಸಿ ಚಾಪೆಲ್ಲಿಗೆ ಹೊರಡುವಾಗ ಆ ಪೆಟ್ಟಿಗೆಯ ದನಿ ದೂರದ ಬಾವಿಯಿಂದ ಬರುವಂತಾಗಿತ್ತು. ಜೇಬೆಜ್ ಶನಿವಾರವಷ್ಟೇ ಚಾರ್ಜು ಮಾಡಿಸಿ ತಂದಿದ್ದ ಬ್ಯಾಟರಿ ಆಲೂಗಡ್ಡೆಗೂ ಅತ್ತೆಗೂ ಖರ್ಚಾಗಿತ್ತು.

“ಈಗೇನು ಮಾಡ್ತೀರಿ?” ಎಂದೆ.

“ಫ್ಲೀಸ್‌ನಲ್ಲಿ ದೊಡ್ಡ ಪೆಟ್ಟಿಗೆ ಇದೆಯಂತಲ್ಲ, ಕರೆಂಟಿಂದ ನಡೆಯೋದು,” ಎಂದರು ತಿರ್ಜಾ, ಹ್ಯಾಟು ಹುಡುಕುತ್ತ.

ಫ್ಲೀಸ್ ನಮ್ಮೂರಿನ ಪಡಖಾನೆ. ಚಾಪೆಲ್ಲಿನ ಎದುರಿಗೇ ಇದೆ. ಚಾಪೆಲ್ಲಿನವರು ಅದರ ಮುಂದೆ ಹಾಯುವಾಗ ಮುಖ ಆಚೆಗೆ ತಿರುಗಿಸಿಯೇ ನಡೆಯುವುದು.

ಸಂಜೆ ಮಳೆ ಹಿಡಿಯಿತು. ಗಾಯಕರ ತಂಡದ ನಾವು ಹನ್ನೆರಡು ಜನ ಸರಿಯಾದ ಹೊತ್ತಿಗೆ ನಮ್ಮ ಜಾಗದಲ್ಲಿ ಕೂತೆವು. ಪಾದ್ರಿ ಲೀಮಿಂಗ್ ಪ್ರಸಂಗದ ಹಾಳೆಗಳನ್ನು ಹಿಡಿದು ಕೂತರು. ಅದನ್ನು ಮೊದಲೇ ಲಂಡನ್ನಿಗೆ ಕಳಿಸಿ, ಸರ್ಕಾರದ ಯಾವುದೋ ಕಚೇರಿಯಲ್ಲಿ ತೋರಿಸಿ, ಮೊಹರು ಹಾಕಿಸಿ ತರಿಸಿದ್ದರು. ಒಂದು ಮಾತು ಹೆಚ್ಚುಕಡಿಮೆಯಾದರೂ ಪೆಲ್ಲಿ ಗುಂಡಿ ಒತ್ತಿ ನಿಲ್ಲಿಸಿಬಿಡಬೇಕೆಂದು ಅಪ್ಪಣೆಯಾಗಿತ್ತು. ಎದುರಿಗೆ ಬೆಂಚುಗಳು ಖಾಲಿ ಇದ್ದವು. ಬರುತ್ತಾರೆ, ಮಳೆ ಎಂದುಕೊಂಡೆವು. ಕೊನೆಗೆ ಕಿವಿ ಕೇಳದ ಇಬ್ಬರು ಮುದುಕಿಯರು ಬಂದು ಮುಂದಿನ ಸಾಲಿನಲ್ಲಿ ಕೂತರು. ಆಮೇಲೆ ಯಾರೂ ಬರಲಿಲ್ಲ.

ಪೆಲ್ಲಿ ಕಿವಿಯ ಮೇಲಿನ ಯಂತ್ರ ತೆಗೆದು ಬಂದ. “ಸಾರ್, ಜನ ಎಲ್ಲಿ? ಖಾಲಿ ಕೊಟ್ಟಿಗೆ ಥರ ಕೇಳಿಸ್ತಿದೆ.”

ಜೇಬೆಜ್ ಹೊರಗೆ ಹೋದರು. ನಾನೂ ಹಿಂದೆ ಹೋದೆ. ಚಾಪೆಲ್ಲಿನ ಮುಂಬಾಗಿಲ ಮಾಡಿನ ಕೆಳಗೆ ಮಳೆಗೆ ಸಿಕ್ಕಿ ಮೂವತ್ತು ನಲವತ್ತು ಗಂಡಸರು ಒತ್ತಿಕೊಂಡು ನಿಂತಿದ್ದರು. ಗಣಿಯವರು, ಗಾಡಿಯವರು, ಉಣ್ಣೆಗೆ ಬಣ್ಣ ಹಾಕುವವರು; ಒಂದೊಂದು ಮುಖವೂ ಪಡಖಾನೆಯದು. ಮುಂದೆ ನಿಂತಿದ್ದವನು ಸೆತ್ ಗಾಂಟ್, ಗಣಿಯಲ್ಲಿ ಕಲ್ಲು ಒಡೆಯುವವನು. ಒಂದು ಕಾಲಕ್ಕೆ ನಮ್ಮ ತಂಡದಲ್ಲೇ ಮಂದ್ರದಲ್ಲಿ ಹಾಡುತ್ತಿದ್ದ. ಒಂದು ಕ್ರಿಸ್‌ಮಸ್ ದಿನ ಕುಡಿದು ಬಂದು ಬಹಳ ಚೆನ್ನಾಗಿ ಹಾಡಿದ ಎಂದು ಜೇಬೆಜ್ ಅವನನ್ನು ತೆಗೆದುಹಾಕಿದ್ದರು. ಕುಡಿದದ್ದಕ್ಕೋ ಚೆನ್ನಾಗಿ ಹಾಡಿದ್ದಕ್ಕೋ ಎಂಬ ಚರ್ಚೆ ಊರಿನಲ್ಲಿ ಇನ್ನೂ ಮುಗಿದಿರಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

“ಇಲ್ಲೇನ್ ಮಾಡ್ತಿದೀರಿ ನೀವೆಲ್ಲ?” ಎಂದರು ಜೇಬೆಜ್.

“ನಾವು ಕೇಳಬೇಕಾದ ಪ್ರಶ್ನೆ ಅದು,” ಎಂದ ಸೆತ್. “ನಿನ್ನ ಜನ ನಮ್ಮ ಜಾಗ ತುಂಬಿಕೊಂಡಿದ್ದಾರಲ್ಲಪ್ಪ! ಒಂದು ಲೋಟ ಕುಡಿಯೋದ್ರೊಳಗೆ ನುಗ್ಗಿಬಿಟ್ರು. ಕೂರೋಕೆ ಬೆಂಚಿಲ್ಲ, ನಿಲ್ಲೋಕೆ ನೆಲ ಇಲ್ಲ. ಒಬ್ರೂ ಬಿಯರು ಕೊಳ್ತಿಲ್ಲ, ನಿಂಬೆ ಪಾನಕ ಕೇಳ್ತಿದಾರೆ. ಎನಾಕ್ ಟಾಫಮ್ ಅಳೋದೊಂದು ಬಾಕಿ.”

ಎನಾಕ್ ಟಾಫಮ್ ಫ್ಲೀಸ್‌ನ ಒಡೆಯ.

ಜೇಬೆಜ್ ಮಳೆಯಲ್ಲೇ ಬೀದಿ ದಾಟಿದರು. ಫ್ಲೀಸ್‌ನ ಕಿಟಕಿಗೆ ಮುಖ ಒತ್ತಿ ನೋಡಿದರು. ಪಕ್ಕದಲ್ಲಿ ನಾನೂ ನೋಡಿದೆ. ಒಳಗೆ ನಮ್ಮ ಚಾಪೆಲ್ ಇತ್ತು. ಭಾನುವಾರದ ಬಟ್ಟೆ, ಭಾನುವಾರದ ಹ್ಯಾಟು, ತಾವು ಚಾಪೆಲ್ಲಿನಲ್ಲಿ ಕೂರುವ ಸಾಲಿನಂತೆಯೇ ಇಲ್ಲಿಯೂ ಕೂತಿದ್ದರು. ರೇಡಿಯೋದ ಪಕ್ಕದಲ್ಲೇ ತಿರ್ಜಾ. ಪೆಟ್ಟಿಗೆಯಲ್ಲಿ ಯಾವುದೋ ವಾದ್ಯಗೋಷ್ಠಿ ಮುಗಿಯುತ್ತಿತ್ತು. ಗಾಜು ತಟ್ಟಿದ್ದು ಯಾರಿಗೂ ಕೇಳಿಸಲಿಲ್ಲ. ಜೇಬೆಜ್ ಬಾಗಿಲಿಗೆ ಹೋದರು. ಕಾಲು ಎತ್ತಿದರು. ಹೊಸ್ತಿಲ ಮುಂದೆ ಅದು ಹಾಗೇ ನಿಂತಿತು. ಆಣೆ.

“ನಾನು ಹೋಗಿ ಹೇಳ್ತೀನಿ ಬಿಡು,” ಎಂದು ಹಿಂದೆಯೇ ಬಂದಿದ್ದ ಸೆತ್ ಒಳಗೆ ನುಗ್ಗಿದ. ಹೋದಷ್ಟೇ ಬೇಗ ಹೊರಗೆ ಬಂದ.

“ಏನಂದ್ರು?”

“ಚಾಪೆಲ್ಲಿನಲ್ಲಿ ಒಬ್ರೂ ಇಲ್ಲ, ಬನ್ನಿ ಅಂದೆ. ಕುಡಿದಿದೀಯ, ಸುಮ್ನೆ ಹೋಗು, ಈಗ ಶುರುವಾಗುತ್ತೆ ಅಂತ ಬೈದ್ರು. ನಿನ್ನ ಹೆಂಡತಿ ಮಾತ್ರ, ನನಗೆ ಮನೇಲಿರೋಕೆ ಹೇಳಿದ್ದಾನೆ, ನಾನು ಬರಲ್ಲ ಅಂದ್ಲು.”

ಪೆಲ್ಲಿ ಚಾಪೆಲ್ಲಿನ ಬಾಗಿಲಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದ. ಜೇಬೆಜ್ ಒಮ್ಮೆ ಆಕಾಶ ನೋಡಿದರು. ಆಮೇಲೆ ಸೆತ್‌ನನ್ನು ನೋಡಿದರು.

“ಹಾಡ್ತೀರೇನಯ್ಯ?” ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಗಿರಣಿಯಲ್ಲೂ ಕೇಳಿರಲಿಲ್ಲ, ಚಾಪೆಲ್ಲಿನಲ್ಲೂ ಕೇಳಿರಲಿಲ್ಲ.

“ಕೆಮ್ಮಬಹುದಾ?” ಎಂದ ಸೆತ್.

“ಕೆಮ್ಮಿ,” ಎಂದರು ಜೇಬೆಜ್.

ಗಂಡಸರು ಒಳಗೆ ಬಂದು ಟೋಪಿ ತೆಗೆದು ಕೂತರು. ಚಾಪೆಲ್ಲಿನ ತುಂಬ ತೊಯ್ದ ಉಣ್ಣೆಯ, ತಂಬಾಕಿನ, ಹುಳಿ ಬಿಯರಿನ ವಾಸನೆ ಹಬ್ಬಿತು. ಪ್ರಸಾರದ ಕೆಂಪು ದೀಪ ಹತ್ತಿತು. ಎಲ್ಲೋ ದೂರದಲ್ಲಿ ಒಬ್ಬ ಮಹಾನುಭಾವ ‘ಉತ್ತರದ ಒಂದು ಚಾಪೆಲ್ಲಿನಿಂದ’ ಎಂದು ಹೇಳಿರಬೇಕು, ಆರ್ಗನ್ನು ಶುರುವಾಯಿತು.

ನಾವು ಹನ್ನೆರಡು ಜನ ಹಾಳೆಯಿಂದ ಕಣ್ಣೆತ್ತಲಿಲ್ಲ. ಆ ಗಂಡಸರಿಗೆ ಹಾಳೆಯೇ ಬೇಕಿರಲಿಲ್ಲ. ಎಲ್ಲರೂ ಅದೇ ಭಾನುವಾರದ ಶಾಲೆಯಲ್ಲಿ ಕಿವಿ ಹಿಂಡಿಸಿಕೊಂಡು ಕಲಿತವರು. ಆಮೇಲೆ ದಿನಾ ಸಂಜೆ ಫ್ಲೀಸ್‌ನಲ್ಲಿ ಬೇರೆ ಮಾತು ಹಾಕಿ ಅದೇ ರಾಗಗಳನ್ನು ಹಾಡಿಕೊಂಡು ಬಂದವರು. ಬಾಯಿ ತೆರೆದರು ನೋಡಿ, ಕಿಟಕಿಯ ಗಾಜು ಅದುರಿತು. ಮೂಲ ಮಾತು ಮರೆತಿದ್ದವರು ಎಲ್ಲಿ ಪಡಖಾನೆಯ ಮಾತಿಗೆ ಜಾರಿಬಿಡುತ್ತಾರೋ ಎಂದು ನನಗೆ ಭಯವಿತ್ತು. ಯಾರೂ ಜಾರಲಿಲ್ಲ.

ಪಾದ್ರಿ ಲೀಮಿಂಗ್ ಪ್ರಸಂಗಕ್ಕೆ ಎದ್ದರು. ಎರಡನೆಯ ಹಾಳೆಗೆ ಬಂದಾಗ ಒಮ್ಮೆ ಬೆಂಚುಗಳ ಕಡೆ, ಒಮ್ಮೆ ಪೆಲ್ಲಿಯ ಕಡೆ ನೋಡಿದರು. ಪೆಲ್ಲಿಯ ಬೆರಳು ಗುಂಡಿಯ ಮೇಲಿತ್ತು. ಬೇರೆ ದಾರಿಯಿಲ್ಲದೆ ಅವರು ಮೊಹರು ಬಿದ್ದಿದ್ದನ್ನು ಮೊಹರು ಬಿದ್ದಂತೆಯೇ ಓದಿದರು. “ಇಂದು ನನ್ನ ಮುಂದೆ ಕುಳಿತಿರುವ ಇವರನ್ನು ನೀವು ನೋಡಬೇಕಿತ್ತು. ಒಂದು ಭಾನುವಾರವೂ ತಪ್ಪದೆ ಬರುವವರು. ಒಂದು ಹನಿ ಮದ್ಯವನ್ನೂ ತುಟಿಗೆ ಸೋಕಿಸದವರು. ಈ ದೇಶ ನಿಂತಿರುವುದು ಇಂಥವರ ಮೇಲೆ.”

ಸೆತ್ ಗಂಭೀರವಾಗಿ ತಲೆಯಾಡಿಸಿದ. ಹಿಂದಿನ ಸಾಲಿನಲ್ಲಿ ಒಬ್ಬ ತೇಗಿದ. ಕೆನಡಾಕ್ಕೆ ಅದೂ ಹೋಗಿರಬೇಕು.

ಕೊನೆಯ ಕೀರ್ತನೆ ಕಡಲಿನಲ್ಲಿರುವವರಿಗಾಗಿ ಹಾಡುವಂಥದ್ದು. ಸೆತ್‌ನ ಒಬ್ಬನೇ ಮಗ ಲೂಕ್ ಶತ್ರುಗಳು ಕಡಲಿನಲ್ಲಿ ಹುದುಗಿಸಿಟ್ಟ ಸಿಡಿಗುಂಡುಗಳನ್ನು ಹುಡುಕಿ ತೆಗೆಯುವ ಹಡಗಿನಲ್ಲಿದ್ದ. ಎರಡು ತಿಂಗಳಿಂದ ಸುದ್ದಿಯಿರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು. ಮೊದಲ ಚರಣದಲ್ಲಿ ಎಲ್ಲರೂ ಹಾಡಿದೆವು. ಎರಡನೆಯದರಲ್ಲಿ ಒಬ್ಬೊಬ್ಬರಾಗಿ ಸೆತ್‌ನ ಕಡೆ ನೋಡಿ ನಿಲ್ಲಿಸಿದರು. ಮೂರನೆಯದಕ್ಕೆ ಬಂದಾಗ ಸೆತ್ ಒಬ್ಬನೇ ಹಾಡುತ್ತಿದ್ದ, ಎದುರು ಗೋಡೆ ನೋಡುತ್ತ, ಕಲ್ಲಿನ ಮೇಲೆ ಸುತ್ತಿಗೆ ಇಳಿಸುವವನ ಹಾಗೆ ಒಂದೇ ಹದದಲ್ಲಿ. ಜೇಬೆಜ್ ಕೋಲು ಕೆಳಗಿಳಿಸಿದರು. ಕೊನೆಯ ಸಾಲಿಗೆ ಮುಂಚೆ ಅವನ ಕಡೆ ತಿರುಗಿ, ಉಸಿರು ತೆಗೆದುಕೋ ಎಂದು ಬರೀ ಕಣ್ಣಿನಲ್ಲಿ ಹೇಳಿದರು. ಅವನು ತೆಗೆದುಕೊಂಡ. ಹಾಡಿ ಮುಗಿಸಿದ.

ಫ್ಲೀಸ್‌ನಲ್ಲಿ ನಡೆದದ್ದನ್ನು ತಿರ್ಜಾ ನನಗೆ ಆಮೇಲೆ ಹೇಳಿದರು. ಮೊದಲ ಕೀರ್ತನೆ ಬಂದಾಗಲೇ ಒಳಗೆಲ್ಲ ಕಣ್ಣೀರಂತೆ. “ಆಹಾ, ನಮ್ಮ ದನಿ ಎಷ್ಟು ತುಂಬಿಕೊಂಡು ಬರ್ತಿದೆ ನೋಡಿ,” ಎಂದರಂತೆ. ಗಿರಣಿ ಗುಮಾಸ್ತನ ಹೆಂಡತಿ ಮಿಸೆಸ್ ವಿಟ್‌ವಾಮ್ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, “ಕೇಳಿ, ಕೇಳಿ, ಅದು ನಾನು!” ಎಂದಳಂತೆ.

“ನೀನು ಇಲ್ಲಿದೀಯಲ್ಲೇ,” ಎಂದರಂತೆ ತಿರ್ಜಾ.

“ನನ್ನ ದನಿ ನನಗೆ ಗೊತ್ತಾಗಲ್ವಾ?”

ಆಗ ತಿರ್ಜಾ ಸುತ್ತ ನೋಡಿದರಂತೆ. “ನೀವೆಲ್ಲ ಇಲ್ಲೇ ಇದೀರಿ. ಹಾಗಾದ್ರೆ ಅಲ್ಲಿ ಹಾಡ್ತಿರೋದು ಯಾರು?”

ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬೊಬ್ಬರೂ ಎಲ್ಲಿ ಕೆಮ್ಮಿಬಿಡುತ್ತೇವೋ ಎಂದು ಹೆದರಿ, ನಾನೊಬ್ಬ ಹೋಗದಿದ್ದರೆ ಏನಂತೆ, ಉಳಿದವರು ಇರುತ್ತಾರಲ್ಲ ಎಂದುಕೊಂಡು ದೊಡ್ಡ ಪೆಟ್ಟಿಗೆಯಲ್ಲಿ ಕೇಳಲು ಬಂದವರೇ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎನಾಕ್ ಟಾಫಮ್ ಹೇಳಿದ: “ಯಾರು ಅಂದ್ರೆ? ನನ್ನ ಗಿರಾಕಿಗಳು. ಹದಿನೈದು ವರ್ಷದಿಂದ ಕೇಳ್ತಿದೀನಿ, ನನಗೆ ಗೊತ್ತಾಗಲ್ವಾ?”

ಆಮೇಲೆ ಯಾರೋ “ಶ್, ಪ್ರಸಂಗ” ಎಂದರು. ತಾವು ಮದ್ಯ ಮುಟ್ಟದವರು, ಒಂದು ಭಾನುವಾರವೂ ತಪ್ಪಿಸದವರು ಎಂಬ ಮಾತನ್ನು ಪಡಖಾನೆಯ ಬೆಂಚಿನ ಮೇಲೆ ಕೂತು ತಲೆ ತಗ್ಗಿಸಿ ಕೇಳಿದರು. ಕೊನೆಯ ಕೀರ್ತನೆಗೆ ತಿರ್ಜಾ ಎದ್ದು ನಿಂತು ಗಟ್ಟಿಯಾಗಿ ಹಾಡಿದರು. ಬೇಡವೆಂದು ಹೇಳುವವರಿರಲಿಲ್ಲವಾದ್ದರಿಂದ ಎಲ್ಲರೂ ಹಾಡಿದರು. ಅದಾದ ಮೇಲೆ ವಾರ್ತೆಗೆ ಮುಂಚೆ ಮಿತ್ರದೇಶಗಳ ರಾಷ್ಟ್ರಗೀತೆಗಳು, ಒಂದರ ಹಿಂದೊಂದು. ಜರ್ಮನರಿಗೆ ಸೋತು ನಮ್ಮ ಕಡೆ ಸೇರಿದ ದೇಶಗಳ ಸಂಖ್ಯೆ ಆ ವರ್ಷ ಹೆಚ್ಚಾಗಿದ್ದರಿಂದ ನಿಂತುಕೊಳ್ಳುವ ಹೊತ್ತೂ ಹೆಚ್ಚಾಗಿತ್ತು. ಎನಾಕ್ ಯಾರನ್ನೂ ಕೂರಲು ಬಿಡಲಿಲ್ಲ. ನಿಂಬೆ ಪಾನಕದ ಸೇಡು.

ಮನೆಯಲ್ಲಿ ಗಂಡ ಹೆಂಡತಿಯ ಮಾತು ಗೋಡೆಯಾಚೆಯಿಂದ ನನಗೆ ನೇರವಾಗಿಯೇ ಕೇಳಿಸಿತು.

“ಹೇಗೆ ಬಂತು?”

“ಮಂದ್ರ ಚೆನ್ನಾಗಿತ್ತು.”

“ಬೇರೆ?”

“ಬೇರೆ ಯಾರಿದ್ರು, ಹೇಳೋಕೆ?”

ಬೂಟು ಕಳಚಿ ನೆಲಕ್ಕಿಟ್ಟ ಸದ್ದು. ಆಮೇಲೆ ಜೇಬೆಜ್ ಕೇಳಿದರು: “ಬ್ಯಾಟರಿ ಏನಾಯ್ತು?”

“ಆಲೂಗಡ್ಡೆ ಬೆಳೆಯೋದು ಹೇಗೆ ಅಂತ ತಿಳ್ಕೊಂಡೆ. ಹೇಳ್ಲಾ?”

ಅವರು ಬೇಡವೆನ್ನಲಿಲ್ಲ. ತಿರ್ಜಾ ಹೇಳಿದರು. ನಾನು ನಿದ್ದೆ ಹೋದೆ.

ಮುಂದಿನ ವಾರಗಳಲ್ಲಿ ದೇಶದ ಎಲ್ಲೆಡೆಯಿಂದ ಮೆಚ್ಚುಗೆ ಬಂತು. ಇಷ್ಟು ನಿರ್ಮಲ ಮನಸ್ಸಿನ ಹಾಡನ್ನು ಯುದ್ಧ ಶುರುವಾದ ಮೇಲೆ ಕೇಳಿಯೇ ಇರಲಿಲ್ಲ, ದುಡಿದು ಬದುಕುವ, ಕುಡಿತವರಿಯದ ಸರಳ ಜನರ ದನಿಯೇ ಬೇರೆ ಎಂದು ಯಾರೋ ದೊಡ್ಡವರು ಪತ್ರಿಕೆಯಲ್ಲೂ ಬರೆದರು. ಪಾದ್ರಿಗಳು ಅದನ್ನು ಚಾಪೆಲ್ಲಿನಲ್ಲಿ ಓದಿ ಹೇಳಿದಾಗ ಮಿಸೆಸ್ ವಿಟ್‌ವಾಮ್ ನಾಚಿಕೊಂಡಳು. ಕೇಳುತ್ತ ಕೇಳುತ್ತ ನಮ್ಮವರಿಗೂ ತಾವೇ ಹಾಡಿದ್ದೆಂದು ನೆನಪು ಬರತೊಡಗಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಲೂಕ್ ರಜೆಯಲ್ಲಿ ಬಂದ. ಒಂದು ಕಿವಿ ಮಂದವಾಗಿದ್ದು ಬಿಟ್ಟರೆ ಮತ್ತೇನೂ ಆಗಿರಲಿಲ್ಲ. ಫ್ಲೀಸ್‌ನ ಮುಂದೆ ಎಲ್ಲರೂ ಸುತ್ತುವರಿದಾಗ ಸೆತ್ ಕೇಳಿದ: “ಅವತ್ತು ಭಾನುವಾರ ರೇಡಿಯೋ ಕೇಳಿದ್ಯೇನೋ?”

“ಯಾವ ಭಾನುವಾರ ಅಪ್ಪ?”

“ಅದೇ, ಚಾಪೆಲ್ಲಿಂದು ಬಂತಲ್ಲ.”

ಲೂಕ್ ತಲೆ ಕೆರೆದುಕೊಂಡ. “ಚಾಪೆಲ್ಲಿಂದು ಬಂದ್ರೆ ನಮ್ಮ ಹುಡುಗ್ರು ಕುಣಿತದ ಹಾಡಿಗೆ ತಿರುಗಿಸ್ತಾರೆ. ನಾನಂತೂ ಭಾನುವಾರ ಸಂಜೆ ಅಂದ್ರೆ ಮಲಗಿಬಿಡೋದು.”

“ಮಲಗಿದ್ಯಾ?” ಎಂದ ಸೆತ್. “ಒಳ್ಳೇದಾಯ್ತು ಬಿಡು. ನಿದ್ದೆ ಬಂತಲ್ಲ.” ಮಗನ ಭುಜದ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದ.

ಶರತ್ಕಾಲದಲ್ಲಿ ರೇಡಿಯೋದವರು ಮತ್ತೊಮ್ಮೆ ಬಂದರು. ಈ ಸಲ ಜೇಬೆಜ್ ಕೆಮ್ಮಿನ ಮಾತೇ ಎತ್ತಲಿಲ್ಲ. ತಾವೇ ಕಲ್ಲುಗಣಿಗೆ ನಡೆದುಹೋಗಿ ಸೆತ್‌ನನ್ನು ಕರೆದರು. ತಿರ್ಜಾರಿಗೆ ಮುಂದಿನ ಸಾಲಿನಲ್ಲಿ ಜಾಗ ಕೊಟ್ಟರು. ಊರಿನವರೆಲ್ಲ ಬೇಗನೆ ಬಂದು ನಡುದಾರಿಯಲ್ಲೂ ತುಂಬಿಕೊಂಡರು. ಫ್ಲೀಸ್‌ನವರು ಬಂದಾಗ ಒಳಗೆ ಜಾಗವಿರಲಿಲ್ಲ, ಅವರು ವಾಪಸು ಹೋದರು. ಸೆತ್ ಮಾತ್ರ ಬಿಳಿ ಕಾಲರು ಹಾಕಿಕೊಂಡು, ಇಡೀ ದಿನ ಏನೂ ಮುಟ್ಟದೆ ಬಂದು, ಬ್ಯಾಂಕಿನ ಗುಮಾಸ್ತನ ಹಾಗೆ ಹಾಡಿದ. ಉಳಿದವರು ಎಲ್ಲಿ ತಪ್ಪುತ್ತೇವೋ ಎಂದು ತುಟಿಯಲ್ಲೇ ಹಾಡಿದರು. ತಿರ್ಜಾ ಕೂಡ. ಒಬ್ಬರೂ ಕೆಮ್ಮಲಿಲ್ಲ.

ರೇಡಿಯೋದವರಿಂದ ಬಹಳ ವಿನಯದ ಉತ್ತರ ಬಂತು. ಎಲ್ಲ ಚೆನ್ನಾಗಿತ್ತು, ಆದರೆ ಹಿಂದಿನ ಸಲದ ಕಾವು ಇರಲಿಲ್ಲ. ಯುದ್ಧದಿಂದಾಗಿ ಚಾಪೆಲ್ಲಿನ ಹಳೆಯ ಭಕ್ತರು ಬೇರೆಡೆಗೆ ಹೋಗಿದ್ದಾರೆಯೇ ಎಂದು ಕೇಳಿದ್ದರು. ಪಾದ್ರಿಗಳು ಇದನ್ನು ಹಿರಿಯರ ಸಭೆಯಲ್ಲಿ ಓದಿ, ಏನು ಬರೆಯೋಣ ಎಂದು ಸುತ್ತ ನೋಡಿದರು.

“ಹಿಂದಿನ ಸಲ ಮಳೆ ಇತ್ತು ಅಂತ ಬರೀರಿ,” ಎಂದರು ಜೇಬೆಜ್. “ಗಾಳಿ ತೇವ ಇದ್ರೆ ದನಿ ಚೆನ್ನಾಗಿ ಕೂರುತ್ತೆ.”

ಪಾದ್ರಿಗಳು ಹಾಗೇ ಬರೆದರು. ಆ ಕಾಗದಕ್ಕೆ ಲಂಡನ್ನಿನ ಮೊಹರು ಹಾಕಿಸಬೇಕಾದ ಅಗತ್ಯವಿರಲಿಲ್ಲ.